ನಾರ್ಮನ್ ರಾಣಿಯರು

1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡನ್ನು ಗೆದ್ದಂದಿನಿಂದ 1154ರಲ್ಲಿ ದೊರೆ ಸ್ಟೀಫನ್ ತೀರಿಕೊಳ್ಳುವವರೆಗೆ ಇಂಗ್ಲೆಂಡಿಗೆ ನಾಲ್ವರು ಪಟ್ಟದರಸಿಯರಿದ್ದರು. ಮೊದಲ ವಿಲಿಯಂನ ಮಗ ಎರಡನೆಯ ವಿಲಿಯಂ ಮದುವೆಯಾಗಲೇ ಇಲ್ಲ. ರಾಣಿಯರ ಅಧಿಕಾರ ಬೆಳೆದದ್ದಕ್ಕೆ ರಾಜ್ಯದ ನೆಲೆಯೇ ಮುಖ್ಯ ಕಾರಣ. ಅದು ಕಡಲ ಎರಡೂ ದಡಗಳಲ್ಲಿ ಹರಡಿತ್ತು. ದೊರೆ ಒಂದು ದಡದಲ್ಲಿದ್ದಾಗ ಇನ್ನೊಂದನ್ನು ನಂಬಿಕಸ್ಥರಿಗೆ ಒಪ್ಪಿಸಬೇಕಿತ್ತು. ಅಣ್ಣತಮ್ಮಂದಿರೂ ಬೆಳೆದ ಮಕ್ಕಳೂ ಪಟ್ಟಕ್ಕೆ ಆಸೆಪಡಬಹುದಿತ್ತು. ಹೆಂಡತಿಯ ಏಳುಬೀಳು ಮಾತ್ರ ಗಂಡನದರೊಂದಿಗೇ ಸಾಗುತ್ತಿತ್ತು.

ವಿಲಿಯಂನ ಪತ್ನಿ ಮಟಿಲ್ಡಾ ಫ್ಲಾಂಡರ್ಸ್‌ನ ದೊರೆ ಐದನೆಯ ಬಾಲ್ಡ್ವಿನ್‌ನ ಮಗಳು, ಫ್ರಾನ್ಸಿನ ರಾಜನ ಮೊಮ್ಮಗಳು. ಈ ಮದುವೆಯನ್ನು ಪೋಪ್ 1049ರಲ್ಲಿ ನಿಷೇಧಿಸಿದರೂ ಅದು ನಡೆಯಿತು. ವಿಲಿಯಂ ಇಂಗ್ಲೆಂಡಿಗೆ ದಂಡೆತ್ತಿ ಹೋದಾಗ ನಾರ್ಮಂಡಿಯನ್ನು ನೋಡಿಕೊಂಡವಳು ಇವಳೇ. 1068ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇವಳಿಗೆ ಪಟ್ಟವಾಯಿತು. ಕ್ಯಾಂಟರ್ಬರಿಯಲ್ಲಿ ಉಳಿದಿರುವ 1072ರ ಒಪ್ಪಂದಪತ್ರದಲ್ಲಿ ದೊರೆಯ ಶಿಲುಬೆ ಗುರುತಿನೊಂದಿಗೆ ರಾಣಿಯದೂ ಇದೆ. ಹಿರಿಯ ಮಗ ರಾಬರ್ಟ್ ತಂದೆಯ ವಿರುದ್ಧ ತಿರುಗಿಬಿದ್ದಾಗ ಅವಳು ಗುಟ್ಟಾಗಿ ಅವನಿಗೆ ಬೆಳ್ಳಿಬಂಗಾರ ಕಳುಹಿಸಿದಳೆಂದು ಚರಿತ್ರಕಾರ ಆರ್ಡೆರಿಕ್ ಬರೆಯುತ್ತಾನೆ. ದೂತ ಸ್ಯಾಮ್ಸನ್‌ನ ಕಣ್ಣು ಕೀಳಿಸಲು ದೊರೆ ಆಜ್ಞಾಪಿಸಿದ. ಅವನು ತಪ್ಪಿಸಿಕೊಂಡು ಮಠ ಸೇರಿ ಸನ್ಯಾಸಿಯಾದ. ರಾಣಿಯ ಅಧಿಕಾರಕ್ಕೆ ಮಾತ್ರ ಧಕ್ಕೆ ಬರಲಿಲ್ಲ. ಅವಳಿಲ್ಲದೆ ದೊರೆಗೆ ಆಡಳಿತ ಸಾಗುತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. 1083ರಲ್ಲಿ ತೀರಿಕೊಂಡ ಅವಳನ್ನು ಕಾನ್ ಪಟ್ಟಣದಲ್ಲಿ ಅವಳೇ ಸ್ಥಾಪಿಸಿದ ಸನ್ಯಾಸಿನಿಯರ ಮಠದಲ್ಲಿ ಸಮಾಧಿ ಮಾಡಲಾಯಿತು. ಸಮಾಧಿಯ ಕಪ್ಪು ಕಲ್ಲಿನ ಚಪ್ಪಡಿ ಇಂದಿಗೂ ಅಲ್ಲಿದೆ.

ಎರಡನೆಯ ವಿಲಿಯಂನ ನಂತರ ದೊರೆಯಾದ ಒಂದನೆಯ ಹೆನ್ರಿ 1100ರಲ್ಲಿ ಕೈಹಿಡಿದದ್ದು ಸ್ಕಾಟ್ಲೆಂಡಿನ ದೊರೆ ಮೂರನೆಯ ಮಾಲ್ಕಂನ ಮಗಳನ್ನು. ತಾಯಿಯ ಕಡೆಯಿಂದ ಅವಳು ಹಳೆಯ ಇಂಗ್ಲಿಷ್ ರಾಜವಂಶದ ಕುಡಿ. ಗೆದ್ದವರಿಗೂ ಸೋತವರಿಗೂ ಈ ಮದುವೆ ನಂಟು ಬೆಸೆಯಿತು. ಎಡಿತ್ ಎಂಬ ಹುಟ್ಟುಹೆಸರು ಹೋಗಿ ಮಟಿಲ್ಡಾ ಎಂಬುದು ಉಳಿಯಿತು. ಮಠದಲ್ಲಿ ಬೆಳೆದ ಅವಳು ಸನ್ಯಾಸಿನಿಯೇ ಎಂಬ ಪ್ರಶ್ನೆ ಎದ್ದಾಗ, ನಾರ್ಮನ್ ಸೈನಿಕರಿಂದ ಕಾಪಾಡಲು ಚಿಕ್ಕಮ್ಮ ಬಲವಂತವಾಗಿ ಮುಸುಕು ಹಾಕಿಸುತ್ತಿದ್ದಳು, ಅವಳಿಲ್ಲದಾಗ ತಾನು ಅದನ್ನು ಕಿತ್ತೆಸೆದು ತುಳಿಯುತ್ತಿದ್ದೆ ಎಂದು ಅವಳೇ ಹೇಳಿಕೊಂಡಳು. ವಿಚಾರಣೆ ನಡೆಸಿದ ಚರ್ಚಿನ ಹಿರಿಯರು ಆ ಮಾತನ್ನು ಒಪ್ಪಿದರು.

ಹೆನ್ರಿ ನಾರ್ಮಂಡಿಗೆ ಹೋದಾಗ ಹಲವು ಬಾರಿ ರಾಜ್ಯಭಾರ ಅವಳ ಪಾಲಿಗೆ ಬರುತ್ತಿತ್ತು. ಅವಳಿಗೆ ಸ್ವಂತ ಮುದ್ರೆಯಿತ್ತು, ಜಮೀನುಗಳಿದ್ದವು. ಆರ್ಚ್‌ಬಿಷಪ್ ಆನ್ಸೆಲ್ಮ್‌ಗೂ ದೊರೆಗೂ ಜಗಳವಾದಾಗ ಇಬ್ಬರ ನಡುವೆ ನಿಂತಳು. ಅವಳು ಆನ್ಸೆಲ್ಮ್‌ಗೆ ಬರೆದ ಕೆಲವು ಪತ್ರಗಳು ಉಳಿದಿವೆ. ಲಂಡನ್ನಿನ ಬಳಿ ಕುಷ್ಠರೋಗಿಗಳಿಗೆ ಆಸ್ಪತ್ರೆಯನ್ನೂ ಲೀ ನದಿಗೆ ಸೇತುವೆಯನ್ನೂ ಕಟ್ಟಿಸಿದಳು. ತಮ್ಮ ಡೇವಿಡ್ ಒಮ್ಮೆ ಅವಳ ಕೋಣೆಗೆ ಹೋದಾಗ ಅವಳು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಕುಷ್ಠರೋಗಿಗಳ ಪಾದ ತೊಳೆಯುತ್ತಿದ್ದಳು. ಆದರೆ ಈ ಔದಾರ್ಯದ ಹೊರೆ ಒಕ್ಕಲುಗಳ ಮೇಲೆ ಬೀಳುತ್ತಿತ್ತು. ಪರಸ್ಥಳದ ಗಾಯಕರಿಗೆ ಅವಳು ಧಾರಾಳವಾಗಿ ಕೊಡುತ್ತಿದ್ದುದರಿಂದ ಅವಳ ಅಧಿಕಾರಿಗಳು ರೈತರನ್ನು ಹಿಂಡುತ್ತಿದ್ದರೆಂದು ಚರಿತ್ರಕಾರ ಮಾಮ್ಸ್‌ಬರಿಯ ವಿಲಿಯಂ ದೂರುತ್ತಾನೆ.

ಅವಳು 1118ರಲ್ಲಿ ತೀರಿಕೊಂಡಳು. 1121ರಲ್ಲಿ ಬಂದ ಎರಡನೆಯ ಪತ್ನಿ ಅಡೆಲಿಜಾಳಿಗೆ ಅಂಥ ಪಾತ್ರ ಸಿಗಲಿಲ್ಲ. ಅಷ್ಟರಲ್ಲಿ ಸಾಲಿಸ್‌ಬರಿಯ ಬಿಷಪ್ ರೋಜರ್ ಖಜಾನೆ ಮತ್ತು ಲೆಕ್ಕಪತ್ರದ ವ್ಯವಸ್ಥೆಯನ್ನು ಭದ್ರಪಡಿಸಿದ್ದ. ದೊರೆಯಿಲ್ಲದಾಗಲೂ ಕೆಲಸ ನಡೆಯುತ್ತಿತ್ತು.

ಹೆನ್ರಿಯ ನಂತರ ಅವನ ಮಗಳು, ಜರ್ಮನಿಯ ಚಕ್ರವರ್ತಿಯ ವಿಧವೆಯಾಗಿದ್ದ ಮಟಿಲ್ಡಾಗೂ ಸೋದರಳಿಯ ಸ್ಟೀಫನ್‌ಗೂ ಪಟ್ಟಕ್ಕಾಗಿ ಯುದ್ಧ ನಡೆಯಿತು. ಸ್ಟೀಫನ್‌ನ ರಾಣಿಯ ಹೆಸರೂ ಮಟಿಲ್ಡಾ, ಬೊಲೋನ್ ಸಂಸ್ಥಾನದ ವಾರಸುದಾರಳು. 1138ರಲ್ಲಿ ಅವಳು ತವರಿನ ಹಡಗುಗಳನ್ನು ಕರೆಸಿ ಡೋವರ್ ಕೋಟೆಗೆ ಮುತ್ತಿಗೆ ಹಾಕಿಸಿದಳು. 1141ರ ಫೆಬ್ರವರಿಯಲ್ಲಿ ಸ್ಟೀಫನ್ ಸೆರೆಯಾದಾಗ ಮೊದಲು ಅವನ ಬಿಡುಗಡೆಗಾಗಿ ಬೇಡಿಕೊಂಡಳು. ಎದುರಾಳಿ ಒಪ್ಪದಿದ್ದಾಗ ಥೇಮ್ಸ್ ದಡಕ್ಕೆ ಸೈನ್ಯ ತಂದಳು. ಲಂಡನ್ನಿನ ಜನ ಗಂಟೆ ಬಾರಿಸಿ ದಂಗೆಯೆದ್ದರು. ಪಟ್ಟಾಭಿಷೇಕಕ್ಕೆ ಬಂದಿದ್ದ ಚಕ್ರವರ್ತಿನಿ ಮಟಿಲ್ಡಾ ಊಟ ಬಿಟ್ಟು ಓಡಬೇಕಾಯಿತು. ಕೆಲವೇ ತಿಂಗಳಲ್ಲಿ ಅವಳ ಮಲಸಹೋದರ ರಾಬರ್ಟ್ ರಾಣಿಯ ಕೈಗೆ ಸಿಕ್ಕಿದ. ಅವನಿಗೆ ಬದಲಾಗಿ ಸ್ಟೀಫನ್ ಬಿಡುಗಡೆಯಾದ. ಈ ವಿನಿಮಯ ಮುಗಿಯುವವರೆಗೆ ರಾಣಿಯೂ ಅವಳ ಮಗನೂ ಬ್ರಿಸ್ಟಲ್‌ನಲ್ಲಿ ಒತ್ತೆಯಾಳುಗಳಾಗಿದ್ದರು. ಸ್ಟೀಫನ್‌ನ ಪರವಾದ ಚರಿತ್ರಕಾರ ರಾಣಿಯ ಗಂಡೆದೆಯನ್ನು ಹೊಗಳಿ, ಚಕ್ರವರ್ತಿನಿಯ ಗಡಸನ್ನು ಅಹಂಕಾರವೆಂದು ಹಳಿದಿದ್ದಾನೆ. ಒಬ್ಬಳು ಗಂಡನಿಗಾಗಿ ಹೋರಾಡಿದಳು, ಇನ್ನೊಬ್ಬಳು ತನ್ನ ಹಕ್ಕಿಗಾಗಿ. ಆ ಕಾಲ ಕ್ಷಮಿಸಿದ್ದು ಮೊದಲನೆಯದನ್ನಷ್ಟೇ.

ರಾಣಿ 1152ರಲ್ಲಿ ತೀರಿಕೊಂಡಳು. ಮರುವರ್ಷದ ಒಪ್ಪಂದದಂತೆ ಚಕ್ರವರ್ತಿನಿಯ ಮಗ ಹೆನ್ರಿ ಸ್ಟೀಫನ್‌ನ ಉತ್ತರಾಧಿಕಾರಿಯಾದ. ಇಂಗ್ಲೆಂಡಿನ ಪಟ್ಟವನ್ನು ಎಂದೂ ಕಾಣದ ತಾಯಿ 1167ರಲ್ಲಿ ಸಾಯುವವರೆಗೂ ರೂಆನ್ ಪಟ್ಟಣದ ಬಳಿ ನೆಲೆಸಿ, ನಾರ್ಮಂಡಿಯ ಆಡಳಿತದಲ್ಲಿ ಅವನಿಗೆ ನೆರವಾದಳು.