ವಿರೂಪಾಪುರ ಗಡ್ಡೆ: ಪ್ರವಾಸವೃದ್ಧಿಯೂ ಭೂಸ್ವತ್ತಿನ ಪರಿವರ್ತನೆಯೂ

ಭೂಮಿಯ ಬೆಲೆಯು ಯಾವುದರಿಂದ ನಿರ್ಧಾರವಾಗುತ್ತದೆಂಬ ಪ್ರಶ್ನೆಗೆ ಎಲ್ಲ ಸೀಮೆಗಳಲ್ಲಿಯೂ ಒಂದೇ ಉತ್ತರವಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಕೆಂಕೆರೆಯಂತಹ ಗ್ರಾಮಗಳಲ್ಲಿ, ಫಲ ಬಿಡುವ ಮರಗಳನ್ನೂ ನೀರಿನ ಆಸರೆಯನ್ನೂ ನೋಡಿ ತೋಟದ ಬೆಲೆ ಕಟ್ಟುವುದು ವಾಡಿಕೆ. ಆದರೆ ಪರಸ್ಥಳದವರ ಬರವಿನಿಂದಲೇ ನೆಲದ ಬೆಲೆ ಏರುವ ಕಡೆಗಳೂ ಉಂಟು. ಸುತ್ತಲೂ ನೀರಿರುವ ನಡುಗಡ್ಡೆಗಳಲ್ಲಿ ನೆಲವು ಪರಿಮಿತವಾದುದರಿಂದ ಈ ಪರಿಣಾಮವು ಹೆಚ್ಚು ತೀವ್ರವಾಗಿ ಕಾಣುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನ ತುಂಗಭದ್ರೆಯ ನಡುವಣ ವಿರೂಪಾಪುರ ಗಡ್ಡೆ. ಅದರ ಇತ್ತೀಚಿನ ಚರಿತ್ರೆಯನ್ನು ಸಂಗ್ರಹವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗಡ್ಡೆಯು ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಎದುರಾಗಿ, ಆನೆಗೊಂದಿಯ ಪಕ್ಕದಲ್ಲಿದೆ. ಬುಕ್ಕನ ಹೆಸರಿನಿಂದ ಪ್ರಸಿದ್ಧವಾದ ಕಲ್ಲಿನ ಮೇಲ್ಗಾಲುವೆಯ ಅವಶೇಷಗಳು ಇಲ್ಲಿವೆ. ವಿಜಯನಗರದ ಕಾಲದಲ್ಲಿಯೇ ಈ ಭಾಗದ ಬೇಸಾಯಕ್ಕೆ ನೀರಿನ ವ್ಯವಸ್ಥೆಯಿದ್ದಿತೆಂಬುದಕ್ಕೆ ಇವು ಸಾಕ್ಷಿ. ಆದರೆ ಪೂರ್ವದಲ್ಲಿ ಒಂದೇ ರಾಜಧಾನಿಯ ಎರಡು ಅಂಗಗಳಾಗಿದ್ದ ನದಿಯ ಎರಡು ದಡಗಳು ಅನಂತರ ಬೇರೆ ಬೇರೆ ಆಡಳಿತಗಳಿಗೆ ಸೇರಿದವು. ಹಂಪೆಯಿರುವ ಬಳ್ಳಾರಿ ಸೀಮೆಯು 1953ರವರೆಗೆ ಮದ್ರಾಸಿಗೂ, ಆನೆಗೊಂದಿಯ ಸೀಮೆಯು 1956ರವರೆಗೆ ಹೈದರಾಬಾದಿಗೂ ಸೇರಿದ್ದಿತು. ಇಂದಿಗೂ ಹಂಪೆಯು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿಯೂ, ಗಡ್ಡೆಯು ಕೊಪ್ಪಳ ಜಿಲ್ಲೆಯಲ್ಲಿಯೂ ಇವೆ. ಒಂದೇ ಕ್ಷೇತ್ರಕ್ಕೆ ಎರಡು ಆಡಳಿತಗಳೆಂಬ ಈ ಸಂಗತಿಯನ್ನು ನಾವು ಮರೆಯಲಾಗದು.

1986ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗಳ ಸಂಖ್ಯೆ ಬೆಳೆದಂತೆ ವಸತಿಯ ಬೇಡಿಕೆಯೂ ಬೆಳೆಯಿತು. ದೇವಾಲಯದ ದಡದಲ್ಲಿ ಸ್ಮಾರಕಗಳ ನಡುವೆ ಕಟ್ಟಡಕ್ಕೆ ಅವಕಾಶ ಕಡಮೆ. ಕ್ಷೇತ್ರದ ಆಚಾರಕ್ಕೆ ಅನುಗುಣವಾಗಿ ಮದ್ಯಮಾಂಸಗಳಿಗೂ ನಿಷೇಧ. ದೋಣಿಯಲ್ಲಿ ಹೊಳೆ ದಾಟಿದರೆ ಈ ಎರಡು ಕಟ್ಟುಗಳೂ ಸಡಿಲವಾಗಿ ಕಾಣುತ್ತಿದ್ದವು. ಹೀಗೆ ಬೇಡಿಕೆಯು ನದಿಯನ್ನು ದಾಟಿತು. ಭತ್ತದ ಗದ್ದೆಗಳ ಅಂಚಿನಲ್ಲಿ ಮೊದಲು ಗುಡಿಸಲುಗಳು, ಬಳಿಕ ಉಪಾಹಾರಗೃಹಗಳು, ಕೊನೆಗೆ ಗಟ್ಟಿಯಾದ ವಸತಿಗೃಹಗಳು ಎದ್ದವು. ಬೆಳೆಯ ಆದಾಯವು ಮಳೆಗೂ ಪೇಟೆಗೂ ಅಧೀನ. ಕೊಠಡಿಯ ಬಾಡಿಗೆಯಾದರೋ ದಿನದಿನವೂ ಕೈಗೆ ಬರುವಂಥದು. ಗದ್ದೆಯು ನಿವೇಶನವಾದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದರ ಜೊತೆಯಲ್ಲಿಯೇ ಶಾಸನದ ಕಾರ್ಯವೂ ನಡೆದಿದ್ದಿತು. 1961ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ಮೇರೆಗೆ ರಾಜ್ಯ ಸರ್ಕಾರವು 1988ರ ಅಕ್ಟೋಬರ್ 22ರಂದು ಅಧಿಸೂಚನೆಯನ್ನು ಹೊರಡಿಸಿತು. ನದಿಗೆ ಸೇತುವೆ ಕಟ್ಟುವ ಕೆಲಸದಿಂದ ಕ್ಷೇತ್ರದ ಸ್ವರೂಪಕ್ಕೆ ಧಕ್ಕೆಯೊದಗಿತೆಂದು 1999ರಲ್ಲಿ ಹಂಪೆಯನ್ನು ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಗೆ ಸೇರಿಸಲಾಯಿತು. 2006ರಲ್ಲಿ ಅದನ್ನು ಆ ಪಟ್ಟಿಯಿಂದ ತೆಗೆಯಲಾಯಿತು. ಈ ನಡುವೆ 2002ರ ಅಧಿನಿಯಮದಿಂದ ಹಂಪೆ ವಿಶ್ವಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಆಧಾರ ದೊರೆಯಿತು. 2011ರ ಜುಲೈಯಲ್ಲಿ ಹಂಪೆಯ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಲಾಯಿತು.

ಗಡ್ಡೆಯ ಕಟ್ಟಡಗಳ ವಿವಾದವು ಮುಖ್ಯವಾಗಿ ಒಂದು ಪ್ರಶ್ನೆಯನ್ನು ಅವಲಂಬಿಸಿದ್ದಿತು: 1988ರ ಅಧಿಸೂಚನೆಯು ಗಡ್ಡೆಯ ಮೇಲಣ ಸ್ಮಾರಕಗಳನ್ನು ಮಾತ್ರ ರಕ್ಷಿಸುತ್ತದೆಯೋ, ಇಡೀ ಗಡ್ಡೆಯನ್ನೋ? ಉಚ್ಚ ನ್ಯಾಯಾಲಯದಲ್ಲಿ ಒಡೆಯರಿಗೆ ಜಯ ದೊರೆಯಲಿಲ್ಲ. ಪ್ರಕರಣವು ಸರ್ವೋಚ್ಚ ನ್ಯಾಯಾಲಯದ ಮುಂದಿದ್ದಾಗ, 2019ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದಿಂದ ಬಿಟ್ಟ ನೀರು ಏರಿ ನೂರಾರು ಪ್ರವಾಸಿಗಳು ಗಡ್ಡೆಯಲ್ಲಿ ಸಿಕ್ಕಿಕೊಂಡರು. ನೆಲದ ಬೆಲೆ ಏರಿದರೂ ನದಿಯ ಸ್ವಭಾವವು ಬದಲಾಗದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. 2020ರ ಫೆಬ್ರವರಿ 11ರಂದು ಸರ್ವೋಚ್ಚ ನ್ಯಾಯಾಲಯವು ಇಡೀ ಗಡ್ಡೆಯೇ ರಕ್ಷಿತ ಪ್ರದೇಶವೆಂದು ನಿರ್ಣಯಿಸಿ, ಅಕ್ರಮ ಕಟ್ಟಡಗಳನ್ನು ತೆಗೆಯಲು ಒಂದು ತಿಂಗಳ ಅವಧಿಯನ್ನು ಕೊಟ್ಟಿತು. ಮಾರ್ಚಿಯಲ್ಲಿ ಅವು ನೆಲಸಮವಾದವು.

ತೀರ್ಪಿನ ನ್ಯಾಯವನ್ನು ನಾವು ಪ್ರಶ್ನಿಸುವುದಿಲ್ಲ. ಸ್ಮಾರಕವೊಂದರ ಮಹತ್ತ್ವವು ಅದರ ಕಲ್ಲುಗಳಲ್ಲಿ ಮಾತ್ರವಲ್ಲ, ಸುತ್ತಣ ಹೊಳೆ, ಬಂಡೆ, ಗದ್ದೆಗಳಲ್ಲಿಯೂ ಇದೆ. ಆದರೂ ಚರಿತ್ರಕಾರನು ಗಮನಿಸಬೇಕಾದುದು ಅಧಿಸೂಚನೆಗೂ ಅದರ ಅಂತಿಮ ಜಾರಿಗೂ ನಡುವಣ 31 ವರ್ಷಗಳನ್ನು. ಒಂದು ತಲೆಮಾರಿನಷ್ಟು ದೀರ್ಘವಾದ ಈ ಅವಧಿಯಲ್ಲಿ ಜನರು ಕಂಡದ್ದು ನಿಷೇಧವನ್ನಲ್ಲ, ಅತಿಥಿಗಳನ್ನು. ಕಾಗದದಲ್ಲಿದ್ದ ನಿರ್ಬಂಧವು ನೆಲದ ಮೇಲೆ ಕಾಣದಿದ್ದಾಗ ದುಡಿಮೆಯೂ ಬಂಡವಾಳವೂ ಅದೇ ನೆಲದಲ್ಲಿ ಹೂಡಲ್ಪಟ್ಟವು. ಕೊನೆಗೆ ನಷ್ಟವನ್ನು ಹೊತ್ತವರಲ್ಲಿ ಒಡೆಯರೊಂದಿಗೆ ಅಡಿಗೆಯವರೂ ದೋಣಿಯವರೂ ಇದ್ದರು. ಬೇಡಿಕೆಯಾದರೋ ಅಳಿಯಲಿಲ್ಲ, ಅದು ಸಾಣಾಪುರ, ಆನೆಗೊಂದಿಗಳ ಕಡೆಗೆ ಸರಿಯಿತು. ಅಲ್ಲಿಯೂ ಗದ್ದೆಗಳ ನಡುವೆ ವಸತಿಗೃಹಗಳು ಎದ್ದಿವೆ. ನಿಯಮವು ಕಟ್ಟಡಕ್ಕಿಂತ ಮೊದಲು ನೆಲವನ್ನು ತಲಪದಿದ್ದರೆ, ಗಡ್ಡೆಯ ಚರಿತ್ರೆಯು ದಡದಲ್ಲಿ ಪುನರಾವರ್ತನೆಗೊಳ್ಳುವ ಸಂಭವವುಂಟು.