ಕಡೆಯ ಪಂಕ್ತಿ

ನಾಲ್ಕು ಜನರನ್ನು ಊಟಕ್ಕೆ ಕರೆಯುವ ಸಂಭ್ರಮ ನಮಗೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಅನ್ನಭೋಗ' ಎಂಬ ಭಾಗವೇ ಇದೆ. ಅಲ್ಲಿ ಅರಸ ಮಕ್ಕಳು, ಮೊಮ್ಮಕ್ಕಳು, ಆಪ್ತರೊಡನೆ ಕುಳಿತು ಉಣ್ಣುತ್ತಾನೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ದಲ್ಲಿ ಅಡುಗೆಯನ್ನೇ ಷಟ್ಪದಿಯಲ್ಲಿ ಹಾಡಿದ. ಪಾಠ ಮಾಡುವಾಗ ನನಗೆ ಕಾಡುವ ಪ್ರಶ್ನೆ ಒಂದೇ: ಬಡಿಸಿದವಳು ಎಷ್ಟು ಹೊತ್ತಿಗೆ ಉಂಡಳು?

ನಮ್ಮ ಮನೆಯಲ್ಲಂತೂ ಮೂರು ಗಂಟೆಗೆ. ಮೊದಲ ಪಂಕ್ತಿ ಗಂಡಸರು, ಮಕ್ಕಳು. ಎರಡನೆಯದು ಬಂದ ಹೆಂಗಸರು. ಕಡೆಯದು ಅಮ್ಮ, ಅತ್ತೆಯರದು. ಆಗ ಹೋಳಿಗೆ ಮುಗಿದು ಸಾರಿನ ತಳ ಉಳಿದಿರುತ್ತಿತ್ತು. ಅದನ್ನು ಅವರು ತ್ಯಾಗವೆನ್ನಲಿಲ್ಲ, ಪದ್ಧತಿ ಎಂದರು.

ಊಟದ ಮೇಜು ಬಂದು ಆ ಲೆಕ್ಕ ಕೆಡಿಸಿತು. "ಕೈಯಾರೆ ಬಡಿಸದಿದ್ದರೆ ಎಂಥ ಉಪಚಾರ?" ಎಂದು ಹಿರಿಯರು ಗೊಣಗಿದರು. ಬಲವಂತ ಮಾಡಿ ಬಡಿಸುವ ಸುಖ ಹೋದದ್ದು ನಿಜ, ನನಗೂ ಬೇಸರವಿದೆ. ಆದರೂ ನಾನು ಬಿಸಿಬೇಳೆ ಬಾತು, ಮೊಸರನ್ನ, ಹಪ್ಪಳ ಎಲ್ಲವನ್ನೂ ಮೇಜಿನ ಮೇಲಿಟ್ಟು, ನಾನೂ ಒಂದು ತಟ್ಟೆ ಹಿಡಿದು ಕೂರುತ್ತೇನೆ.

ಹೋದ ಯುಗಾದಿಗೆ ಎಂಬತ್ತರ ಅಮ್ಮನನ್ನು ನೆಂಟರ ನಡುವೆ ಕೂರಿಸಿದೆವು. ಎರಡು ಸಲ ಏಳಲು ನೋಡಿದಳು. ಆಮೇಲೆ ಸಮಾಧಾನವಾಗಿ ತುಪ್ಪ ಕೇಳಿದಳು.