ಬಾಗಿಲು ಮುಚ್ಚುವವರು ಯಾರು? – ಒಬ್ಬ ಪಾದ್ರಿ ಕಟ್ಟಿದ ಜಲಾಂತರ್ಗಾಮಿಯ ಕಥೆ



ಉಟ್ಕೂರಿನವರಾದ ನಮಗೆ ಸಮುದ್ರ ದೂರ, ಕೃಷ್ಣೆ ಹತ್ತಿರ. ಮಕ್ತಲ್ ದಾಟಿ ನದಿಯ ದಡಕ್ಕೆ ಹೋದರೆ ಕಾಣುವ ಹರಿಗೋಲು ನಮಗೆಲ್ಲ ಗೊತ್ತು. ತೆಲುಗಿನಲ್ಲಿ ಅದೇ ಪುಟ್ಟಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ಇಂಥ ದೋಣಿಗಳ ಬಗ್ಗೆ ಬರೆದಿದ್ದಾನೆ. ನೀರಿನ ಮೇಲೆ ತೇಲುವ ದೋಣಿಯನ್ನು ಕೈಯಾರೆ ಮಾಡಿಕೊಳ್ಳುವುದು ನಮ್ಮವರಿಗೆ ಹಳೆಯ ವಿದ್ಯೆ. ಆದರೆ ಮುಳುಗಿ, ಮತ್ತೆ ಏಳುವ ದೋಣಿ? ಅದಕ್ಕೆ ಕೈಹಾಕಿದವರಲ್ಲಿ ಒಬ್ಬರು ಪಾದ್ರಿಯೇ ಆಗಿದ್ದರು.

ಅವರ ಹೆಸರು ಜಾರ್ಜ್ ಗ್ಯಾರೆಟ್, ಹುಟ್ಟಿದ್ದು 1852ರಲ್ಲಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ತಂದೆಯ ಸಭೆಯಲ್ಲೇ ಸಹಾಯಕ ಪಾದ್ರಿ. 1878ರಲ್ಲಿ ಅವರು ಮಾಡಿಸಿದ ಮೊದಲ ಜಲಾಂತರ್ಗಾಮಿ ಸುಮಾರು 14 ಅಡಿ ಉದ್ದದ್ದು, ಮೊಟ್ಟೆಯ ಆಕಾರದ್ದು. ಒಳಗೆ ಒಬ್ಬರಿಗೆ ಮಾತ್ರ ಜಾಗ, ಕೈಯಿಂದ ತಿರುಗಿಸಿ ಓಡಿಸಬೇಕು.

ಮರುವರ್ಷ ಅದಕ್ಕಿಂತ ದೊಡ್ಡದು ಸಿದ್ಧವಾಯಿತು. ಬರ್ಕನ್‌ಹೆಡ್‌ನಲ್ಲಿ ಕಟ್ಟಿದ, 45 ಅಡಿ ಉದ್ದದ, ಸುಮಾರು 30 ಟನ್ ತೂಕದ ಇದಕ್ಕೆ ಅವರಿಟ್ಟ ಹೆಸರು 'ರಿಸರ್ಗಮ್'. ಲ್ಯಾಟಿನ್‌ನಲ್ಲಿ ಹಾಗೆಂದರೆ 'ನಾನು ಮತ್ತೆ ಏಳುವೆನು'. ಪಾದ್ರಿಯ ಮನಸ್ಸಿನಿಂದ ಬಂದ ಹೆಸರು ಎಂದು ಯಾರಿಗಾದರೂ ತಿಳಿಯುತ್ತದೆ.

ವಿನ್ಯಾಸದ ಕಷ್ಟಗಳನ್ನು ನೋಡಿ. 30 ಟನ್ ದೋಣಿ ತೇಲಬೇಕಾದರೆ 30 ಟನ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಇದು ನಾವು ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ತತ್ವ. ಕೇವಲ 2 ಮೀಟರ್ ಆಳದಲ್ಲೇ, ಅರ್ಧ ಮೀಟರ್ ಉದ್ದಗಲದ ಬಾಗಿಲಿನ ಮೇಲೆ ನೀರು ಸುಮಾರು 500 ಕೆ.ಜಿ. ಭಾರ ಹಾಕುತ್ತದೆ. ಇನ್ನು ಒಲೆ ಉರಿದರೆ ಒಳಗಿನವರ ಉಸಿರಿಗೆ ಬೇಕಾದ ಗಾಳಿಯನ್ನೇ ತಿನ್ನುತ್ತದೆ. ಹಾಗಾಗಿ ಗ್ಯಾರೆಟ್ ಮೇಲಿರುವಾಗಲೇ ನೀರನ್ನು ಚೆನ್ನಾಗಿ ಕಾಯಿಸಿ, ಮುಳುಗುವ ಮೊದಲು ಒಲೆ ಮುಚ್ಚಿ, ಉಳಿದ ಆವಿಯ ಬಲದಲ್ಲೇ ಯಂತ್ರ ಓಡಿಸುವ ಏರ್ಪಾಟು ಮಾಡಿದರು. ಎಷ್ಟೊಂದು ಯೋಚಿಸಿದ್ದರು!

1879ರ ಡಿಸೆಂಬರ್‌ನಲ್ಲಿ ಮೂವರು ಅದನ್ನು ಪೋರ್ಟ್ಸ್‌ಮತ್‌ಗೆ ಒಯ್ಯಲು ಹೊರಟರು. ದಾರಿಯಲ್ಲಿ ವೇಲ್ಸ್‌ನ ರಿಲ್ ಎಂಬ ಊರಿನಲ್ಲಿ ದುರಸ್ತಿಗೆ ನಿಂತರು. 1880ರ ಫೆಬ್ರವರಿಯಲ್ಲಿ ಎಲ್ಫಿನ್ ಎಂಬ ಹಡಗು ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೊರಟಿತು. ಬಿರುಗಾಳಿ ಎದ್ದಿತು, ಎಲ್ಫಿನ್‌ನ ಯಂತ್ರ ಕೆಟ್ಟಿತು. ಸಹಾಯ ಮಾಡಲೆಂದು ಮೂವರೂ ಜಲಾಂತರ್ಗಾಮಿಯಿಂದ ಹೊರಬಂದು ಹಡಗು ಹತ್ತಿದರು.

ಅಲ್ಲೇ ತಪ್ಪಾಯಿತು. ರಿಸರ್ಗಮ್‌ನ ಬಾಗಿಲನ್ನು ಭದ್ರಪಡಿಸಲು ಒಳಗಿನಿಂದ ಮಾತ್ರ ಸಾಧ್ಯವಿತ್ತು! ಅಲೆಗಳ ನೀರು ಒಳನುಗ್ಗಿತು. ಫೆಬ್ರವರಿ 25ರಂದು ಅದು ಮುಳುಗಿತು. ಮೂವರೂ ಬದುಕಿದರು.

ಗ್ಯಾರೆಟ್ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಸ್ವೀಡನ್ನಿನ ನಾರ್ಡನ್‌ಫೆಲ್ಟ್ ಎಂಬುವರ ಜೊತೆ ಸೇರಿ ಕಟ್ಟಿದ ಜಲಾಂತರ್ಗಾಮಿಗಳನ್ನು ಗ್ರೀಸ್ ಮತ್ತು ತುರ್ಕಿ ದೇಶಗಳು ಕೊಂಡವು. 1902ರಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ರಿಸರ್ಗಮ್ 1995ರಲ್ಲಿ ಸಮುದ್ರದ ತಳದಲ್ಲಿ ಸಿಕ್ಕಿತು. ಮೀನುಗಾರರ ಬಲೆ ಸಿಕ್ಕಿಕೊಂಡಿದ್ದ ಜಾಗದಲ್ಲಿ ಇಳಿದ ಮುಳುಗುಗಾರನ ಕಣ್ಣಿಗೆ ಬಿತ್ತು. ಅದು ಇನ್ನೂ ಅಲ್ಲೇ ಇದೆ.

ನಾವು ಈ ಕಥೆ ಓದಿದಾಗ ನಮ್ಮ ಯುವಸಂಘವೇ ನೆನಪಾಯಿತು. ತಾವು ಒಳಗಿರುವಾಗ ಏನೇನು ಬೇಕೋ ಎಲ್ಲವನ್ನೂ ಗ್ಯಾರೆಟ್ ಯೋಚಿಸಿದ್ದರು. ತಾವು ಹೊರಬಂದ ಮೇಲೆ ಏನಾಗುತ್ತದೆ ಎಂಬುದೊಂದೇ ಉಳಿದಿತ್ತು. ನಮ್ಮಲ್ಲಿ ಹಲವರು ಓದಿಗೆ, ಕೆಲಸಕ್ಕೆ ಹೈದರಾಬಾದಿಗೋ ಬೆಂಗಳೂರಿಗೋ ಹೊರಡುವವರೇ. ಗಾಯನತಂಡ, ಭಾನುವಾರದ ಮಕ್ಕಳ ತರಗತಿ, ಕ್ರಿಸ್ಮಸ್ ಸಿದ್ಧತೆ ಎಲ್ಲವೂ ಒಬ್ಬಿಬ್ಬರ ಕೈಯಲ್ಲೇ ಇದ್ದರೆ ಅವರು ಹೋದ ದಿನ ನೀರು ನುಗ್ಗುತ್ತದೆ.

ಆದ್ದರಿಂದ ಈ ವರ್ಷ ನಾವು ಮಾಡುವ ಪ್ರತಿಯೊಂದು ಕೆಲಸವನ್ನೂ ಒಬ್ಬ ಕಿರಿಯರಿಗೆ ಕಲಿಸೋಣ. ಬಾಗಿಲು ಹೊರಗಿನಿಂದಲೂ ಮುಚ್ಚುವಂತಿರಲಿ.